ಮೈನಸ್ ಎಂಬತ್ತು

ಫೆಬ್ರುವರಿ 3, ಸೋಮವಾರ
ಮತ್ತೆ ಜಾಯಿಂಟ್ ಲೀಕ್. ಸೋಪಿನ ನೀರು ಹಚ್ಚಿದರೆ ಗುಳ್ಳೆ. ಪೈಪ್ ಸರಿಯಾಗಿ ಕಾಯುವ ಮೊದಲೇ ಬೆಸುಗೆಯ ರಾಡ್ ಹಚ್ಚಿದ್ದೆನಂತೆ. ಇವರು ಕುರ್ಚಿಯಲ್ಲಿ ಕೂತೇ ಹೇಳಿದರು. ಹೋದ ವರ್ಷದ ತನಕ ಇದನ್ನೆಲ್ಲ ಕಣ್ಣು ಮುಚ್ಚಿ ಮಾಡುತ್ತಿದ್ದರು. ಗೋಕಾಕದ ಅರ್ಧ ಫ್ರಿಜ್‌ಗಳು ಇವರ ಕೈಯಲ್ಲೇ ರಿಪೇರಿಯಾದವು. ಈಗ ಆ ಕೈಯಲ್ಲಿ ಚಮಚ ನಿಲ್ಲುವುದಿಲ್ಲ. ನರದ ರೋಗ. ಮೊದಲು ಕೈ, ಆಮೇಲೆ ಮಾತು, ಆಮೇಲೆ ಉಸಿರು — ಬೆಳಗಾವಿ ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದ್ದು. ಇವರಿಗೆ ಮೊದಲೇ ಗೊತ್ತಿತ್ತು.
ಅಂಗಡಿ ಮುಚ್ಚಿದೆ. ಮೈನಸ್ ಎಂಬತ್ತು ಡಿಗ್ರಿಗೆ ಇಳಿಯಬೇಕಾದ ಈ ತಂಪಿನ ಯಂತ್ರ ಮಾತ್ರ ಬಿಟ್ಟಿಲ್ಲ.

ಫೆಬ್ರುವರಿ 9
ಅತ್ತೆ ಕೇಳಿದರು, ಇದರಲ್ಲಿ ಏನಿಡುತ್ತೀರಿ ಅಂತ. ಏನೂ ಇಡುವುದಿಲ್ಲ. ಇವರು ತಾಯಿಗೆ ನಿಧಾನವಾಗಿ ವಿವರಿಸಿದರು. ಮೊದಲ ಕಂಪ್ರೆಸರ್ ಮೈನಸ್ ನಲವತ್ತಕ್ಕೆ ಹೋಗಿ ನಿಲ್ಲುತ್ತದೆ. ಆ ತಂಪಿಗೆ ಎರಡನೆಯದರ ಗ್ಯಾಸ್ ನೀರಾಗುತ್ತದೆ. ಅದು ಮತ್ತೆ ಆವಿಯಾಗುವಾಗ ಮೈನಸ್ ಎಂಬತ್ತು.
"ಒಂದ ಬಾವಿ ತಳದಾಗ ನಿಂತು ಇನ್ನೊಂದ ಬಾವಿ ತೋಡಿದಂಗವ್ವಾ."
ಅತ್ತೆ ಎದ್ದು ಒಳಗೆ ಹೋದರು. ಮಗನ ನಾಲಿಗೆ ತೊದಲಿದ್ದು ಅವರಿಗೂ ಕೇಳಿಸಿರಬೇಕು.

ಫೆಬ್ರುವರಿ 22
ಸಿದ್ರಾಯ ಬಂದಿದ್ದ. ಮೊದಲು ಇವರ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಹುಕ್ಕೇರಿಯ ಗುಜರಿಯಿಂದ ಎರಡನೇ ಕಂಪ್ರೆಸರ್ ಹುಡುಕಿ ತಂದ. ಉಳಿದ ಪೈಪ್ ಕೆಲಸ ತಾನೇ ಮಾಡಿಕೊಡುತ್ತೇನೆ ಬಾಳೇಶಣ್ಣ ಅಂದ. ಇವರು ಒಪ್ಪಲಿಲ್ಲ. "ಸುಜಾತಾ ಮಾಡ್ತಾಳ." ಪಾಪ, ಅವನ ಮುಖ ಸಣ್ಣದಾಯಿತು.
ಅವನು ಹೋದ ಮೇಲೆ ನನಗೆ ಸಿಟ್ಟು. ಬೆರಳು ಸುಟ್ಟುಕೊಂಡವಳು ನಾನು. ಅವನಿಗೆ ಬಿಟ್ಟಿದ್ದರೆ ಎರಡು ದಿನದ ಕೆಲಸ ಅಂದೆ.
"ಎರಡ ದಿನದಾಗ ಮುಗದರ, ಆಮ್ಯಾಲೆ ನಾ ಏನ್ ಮಾಡ್ಲಿ?"
ಹಾಲು ಉಕ್ಕಿದೆ ಅಂತ ನೆಪ ಹೇಳಿ ಅಡುಗೆಮನೆಗೆ ಬಂದೆ...

ಮಾರ್ಚ್ 16
ಬರೆಯಲಾಗಿರಲಿಲ್ಲ. ಊಟ ಮಾಡಿಸುವುದೇ ಅರ್ಧ ದಿನ.
ಇವತ್ತು ಎರಡೂ ಕಂಪ್ರೆಸರ್ ಚಾಲೂ ಮಾಡಿದೆ. ಮೈನಸ್ ಐವತ್ತೆರಡಕ್ಕೆ ಬಂತು, ಆಮೇಲೆ ಏರತೊಡಗಿತು. ಇವರು ಏನೋ ಹೇಳಿದರು. ತಿಳಿಯಲಿಲ್ಲ. ಮತ್ತೆ ಹೇಳಿದರು. ಏನ್ರಿ ಅಂದೆ. ಇನ್ನೊಮ್ಮೆ. ನನಗೆ ತಿಳಿಯಲಿಲ್ಲ. ಗೋಡೆಗೆ ಮುಖ ಮಾಡಿಬಿಟ್ಟರು.
ಒಬ್ಬಳೇ ಕೂತು ಯೋಚಿಸಿದೆ. ಕಂಪ್ರೆಸರಿನ ಎಣ್ಣೆ ಆ ಚಳಿಗೆ ಮೇಣವಾಗಿ ಸಣ್ಣ ಪೈಪಿನಲ್ಲಿ ಕಟ್ಟಿಕೊಂಡಿರಬೇಕು. "ಎಣ್ಣಿ ತಡಿಯೂ ಡಬ್ಬಿ ಕೂಡಿಸಬೇಕೇನ್ರಿ?" ಅಂತ ಕೇಳಿದೆ. ಮುಖ ತಿರುಗಿಸಿದರು. ಕಣ್ಣು ಮುಚ್ಚಿ ತೆರೆದರು. ಹೌದು ಅಂತ.
ಇನ್ನು ಮೇಲೆ ಹೀಗೇ. ಕೇಳುವವಳು ನಾನು.

ಮಾರ್ಚ್ 30, ಯುಗಾದಿ
ಇವರಿಗೆ ಬೇವುಬೆಲ್ಲ ನುಂಗಲಾಗಲಿಲ್ಲ. ತುಟಿಗೆ ಸವರಿದೆ.

ಏಪ್ರಿಲ್ 19, ಬೆಳಿಗ್ಗೆ
ಡಬ್ಬಿ ಕೂಡಿಸಿ, ಗ್ಯಾಸ್ ತುಂಬಿ ಚಾಲೂ ಮಾಡಿದೆ. ಕುರ್ಚಿ ಹತ್ತಿರ ಎಳೆದೆ. ಕತ್ತು ನಿಲ್ಲದು, ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು ಮೀಟರ್ ಓದುತ್ತ ಹೋದೆ. ಅರವತ್ತು. ಎಪ್ಪತ್ತೊಂದು. ಎಪ್ಪತ್ತೆಂಟರಲ್ಲಿ ಬಹಳ ಹೊತ್ತು ನಿಂತಿತು — ಮುಗಿಯಿತು ಅಂದುಕೊಂಡೆ. ಆಮೇಲೆ ಎಂಬತ್ತು. ಎಂಬತ್ತೊಂದು. ಪೈಪಿನ ಮೇಲೆ ಬಿಳಿ ಮಂಜು, ಉಪ್ಪಿನ ಹಾಗೆ.
ಇವರ ಕಣ್ಣಲ್ಲಿ ನೀರು. ತುಟಿ ಆಡಿತು. ಕಿವಿ ಹತ್ತಿರ ತಂದೆ. ತಿಂಗಳಿನಿಂದ ಇಷ್ಟು ಸ್ಪಷ್ಟ ಮಾತು ಬಂದಿರಲಿಲ್ಲ.
"ಇನ್ನೊಂದು."
ಮೂರನೇ ಕಂಪ್ರೆಸರ್. ಇನ್ನೂ ಕೆಳಗೆ.
"ಮಾಡೂಣ್ರಿ," ಅಂದೆ.

ಮೇ 14
ಸಿದ್ರಾಯ ಮೂರನೆಯದು ತಂದಿಟ್ಟು ಹೋದ. ಇವರ ಮಂಚದ ಬಾಜೂಕೇ ಕೂತು ಪೈಪ್ ಕೊಯ್ದೆ, ಕಾಣುವ ಹಾಗೆ. ಮೊದಲ ಜಾಯಿಂಟ್ ಒಳ್ಳೇದಾಗಿ ಕೂತಿದೆ. ತೋರಿಸಿದೆ. ಕಣ್ಣು ಮುಚ್ಚಿದರು. ಸರಿ ಇದೆ ಅಂತ. ತೆರೆಯುವುದನ್ನು ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಇನ್ನೂ ತೆರೆದಿಲ್ಲ.