ಹಲಗೆಯಿಂದ ಕೆರೆದ ಶ್ಪೆಟ್ಸ್‌ಲೆ

ನವೆಂಬರ್ 4, ಸೋಮವಾರ
ಎದ್ದೆ. ಕಾಫಿ. ಒಲೆಗೆ ಕಟ್ಟಿಗೆ. ಹತ್ತರ ಬಸ್ಸು, ಆಸ್ಪತ್ರೆ. ಹೆಂಡತಿ ಗೆರ್ಲಿಂಡೆಗೆ ಪಾರ್ಶ್ವವಾಯು ಹೊಡೆದು ಹನ್ನೆರಡು ದಿನ. ಮಾತಿಲ್ಲ. ಎಡಗೈ ಮಾತ್ರ ಆಡುತ್ತದೆ. ನುಂಗಲು ಬರುತ್ತದಂತೆ, ಆದರೂ ತಿನ್ನುವುದಿಲ್ಲ — ತಟ್ಟೆ ತಳ್ಳುತ್ತಾಳೆ. ಶುಕ್ರವಾರದೊಳಗೆ ತಿನ್ನದಿದ್ದರೆ ಹೊಟ್ಟೆಗೆ ಕೊಳವೆ ಹಾಕಬೇಕು ಅಂದರು ಡಾಕ್ಟರು. ತಲೆಯಾಡಿಸಿ ಬಂದೆ. ಅಳು ಬರಲಿಲ್ಲ. ಏನೂ ಬರಲಿಲ್ಲ.

ನವೆಂಬರ್ 5
ಪಕ್ಕದ ಮನೆಯ ಹೈಡ್ರುನ್ ಬಂದಿದ್ದಳು. ಆಸ್ಪತ್ರೆಯ ಗಂಜಿಯನ್ನು ಯಾರು ಮುಟ್ಟುತ್ತಾರೆ, ನಮ್ಮ ಮೊಟ್ಟೆಹಿಟ್ಟಿನ ಶಾವಿಗೆ, ಶ್ಪೆಟ್ಸ್‌ಲೆ, ಮಾಡಿಕೊಂಡು ಹೋಗು ಅಂದಳು. ನಲವತ್ತಾರು ವರ್ಷ ತಿಂದವನು, ಒಮ್ಮೆಯೂ ಮಾಡಿದವನಲ್ಲ. ಗೆರ್ಲಿಂಡೆ ಒಲೆಯ ಹತ್ತಿರ ಬಿಟ್ಟರೆ ತಾನೆ.

ತಲೆಗೊಂದು ಮೊಟ್ಟೆ, ಮೇಲೊಂದು. ಮೂರು ಒಡೆದೆ. ಹಿಟ್ಟು, ಉಪ್ಪು, ನೀರು. ಹಲಗೆಯ ಮೇಲೆ ಹರಡಿ ಕುದಿನೀರಿಗೆ ಕೆರೆಯಲು ಹೋದೆ, ಮುದ್ದೆಮುದ್ದೆಯಾಗಿ ಬಿತ್ತು. ಕೊನೆಗೆ ಹೈಡ್ರುನ್‌ಳ ಶಾವಿಗೆ ಒರಳಲ್ಲಿ ಒತ್ತಿದೆ. ಉದ್ದುದ್ದ, ಒಂದೇ ಸಮ.

ಗೆರ್ಲಿಂಡೆ ಒಂದೆಳೆ ಎತ್ತಿ ನೋಡಿದಳು. ತಟ್ಟೆ ತಳ್ಳಿದಳು. ಒರಳಲ್ಲಿ ಒತ್ತಿದ್ದು ಅಂತ ಗೊತ್ತಾಗಿಹೋಯಿತು. ಅದು ಸೋಮಾರಿಗಳ ಸಾಮಾನು ಅನ್ನುತ್ತಿದ್ದಳು.

ನವೆಂಬರ್ 6, ಸಂಜೆ
ಮತ್ತೆ ಹಲಗೆ. ಹಿಟ್ಟು ಅಂಟಿ ಕೂತಿತು. ಹೈಡ್ರುನ್ ನೋಡುತ್ತ ನಿಂತಿದ್ದಳು.

"ಹಲಗೆ ನೀರಲ್ಲಿ ಅದ್ದಿದ್ಯಾ? ಒಣ ಹಲಗೆಗೆ ಅಂಟದೆ ಇನ್ನೇನಾಗತ್ತೆ. ಗೋಡೆಗೆ ಗಾರೆ ಬಳಿಯೋದಲ್ಲ ಮಾರಾಯ, ತೆಳ್ಳಗೆ ಕೆರಿ."

ನಲವತ್ತು ವರ್ಷ ಗಾರೆ ಬಳಿದ ಕೈ. ಬಳಿಯುವುದು ಗೊತ್ತು, ಕೆರೆಯುವುದು ಗೊತ್ತಿಲ್ಲ.

ನನ್ನ ಗೋಡೆಗಳನ್ನೂ ಯಾರೂ ಹೊಗಳಲಿಲ್ಲ. ನಮ್ಮ ಶ್ವಾಬೆನ್ ಕಡೆ ಆ ಪದ್ಧತಿಯೇ ಇಲ್ಲ. ಬೈಯದಿದ್ದರೆ ಹೊಗಳಿದ ಹಾಗೆ. ಗೆರ್ಲಿಂಡೆಯಂತೂ ಬೈಯದ ದಿನವಿರಲಿಲ್ಲ. ಈಗ ಹದಿನಾಲ್ಕು ದಿನ ಬೈದಿಲ್ಲ... ಇದನ್ನು ಹೊಗಳಿಕೆ ಅನ್ನಲೇ?

ನವೆಂಬರ್ 8, ಶುಕ್ರವಾರ
ನಿನ್ನೆ ಬರೆಯಲಿಲ್ಲ. ಮಾಡಿದ್ದೇ ಮಾಡಿದ್ದು. ಹೈಡ್ರುನ್‌ಳ ಕೋಳಿಗಳಿಗೂ ಸಾಕಾಗಿಹೋಯಿತು.

ಬೆಳಿಗ್ಗೆ ಕೈ ಕೂಡಿಬಂತು. ಹಲಗೆ ಅದ್ದಿ, ಕೆರೆದು, ಅದ್ದಿ, ಕೆರೆದು. ಒಂದು ಗಿಡ್ಡ, ಒಂದು ಉದ್ದ, ಒಂದಕ್ಕೆ ಬಾಲ. ತೇಲಿದ ಕೂಡಲೇ ತೆಗೆದೆ. ಮೇಲೆ ಬೆಣ್ಣೆ. ಡಬ್ಬಿಯನ್ನು ಟವೆಲ್‌ನಲ್ಲಿ ಸುತ್ತಿ ಬಸ್ಸಿಗೆ ಓಡಿದೆ.

ಡಾಕ್ಟರು ಕೊಳವೆ ಹಾಕಲು ಸಹಿಯ ಕಾಗದ ಹಿಡಿದು ನಿಂತಿದ್ದರು. ನರ್ಸು ಸಣ್ಣಗೆ ಹೆಚ್ಚಿ ಕೊಡಲು ಹೇಳಿದಳು. ಹೆಚ್ಚಿದೆ. ಗೆರ್ಲಿಂಡೆ ತಟ್ಟೆಯನ್ನೇ ನೋಡಿದಳು — ಎಷ್ಟು ಹೊತ್ತು! ಕೈ ಎತ್ತಿದಳು. ತಳ್ಳುತ್ತಾಳೆ ಅಂದುಕೊಂಡೆ. ಚಮಚ ಹಿಡಿದಳು. ಒಂದು. ಇನ್ನೊಂದು. ತಟ್ಟೆ ಖಾಲಿ.

ಡಾಕ್ಟರು ಕಾಗದ ಮಡಚಿಕೊಂಡು ಹೋದರು.

"ಉಪ್ಪು ಕಮ್ಮಿ ಆಯ್ತೇನೇ?" ಕೇಳಿದೆ. ಕಮ್ಮಿಯೇ ಇತ್ತು. ಬೈಯಲಿ ಅಂತ ಬೇಕೆಂದೇ ಕಮ್ಮಿ ಹಾಕಿದ್ದೆ.

ಬಾಯಿ ತೆರೆದಳು. ಮುಚ್ಚಿದಳು. ನನ್ನನ್ನೇ ನೋಡಿದಳು.

ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಏನೂ ಅನ್ನಲಿಲ್ಲ ಅವಳು. ಏನೂ ಅನ್ನಲಿಲ್ಲ ಅಂದರೆ ನಮ್ಮ ಕಡೆ ಅದು—