ಹೇಳದೆ ಬಂದವರು

ಗ್ರೊನಿಂಗೆನ್
ಸೆಪ್ಟೆಂಬರ್ ೧೧, ಬುಧವಾರ

ಪ್ರೀತಿಯ ತಂಗಿ ಹಿಲ್ಯೆಗೆ,

ಹೇಗಿದ್ದೀಯೆ? ಮೊಣಕಾಲು ನೋವು ಕಡಿಮೆಯಾಯಿತೆ? ನಿನ್ನ ಮಗ ವೋಪ್ಕೆಯ ಬೆನ್ನು ಸರಿಹೋಯಿತೆ? ಮೊಮ್ಮಗಳು ಯಿಫ್ಕೆಯ ಕೆಮ್ಮು ನಿಂತಿತೆ? ಹುಟ್ಟುಹಬ್ಬಕ್ಕೊಂದು ಕಾರ್ಡು ಬಿಟ್ಟರೆ ನಿನಗೆ ಏನೂ ಬರೆಯದೆ ವರ್ಷಗಳಾದವು. ಕೈ ನಡುಗುತ್ತದೆ ಅಂತ ನೆಪ ಹೇಳಬಹುದು. ಆದರೆ ಅಂಗಡಿ ಸಾಮಾನಿನ ಪಟ್ಟಿ ಬರೆಯುವಾಗ ನಡುಗುವುದಿಲ್ಲ. ತಪ್ಪು ನನ್ನದೇ.

ಇವತ್ತು ಮಾತ್ರ ತಲೆ ಕೆಟ್ಟುಹೋಗಿದೆ, ಯಾರಿಗಾದರೂ ಹೇಳಲೇಬೇಕು. ಓದುವ ಮಕ್ಕಳಿಗೆ ಊರಲ್ಲಿ ಕೋಣೆ ಸಿಗುತ್ತಿಲ್ಲ ಅಂತ ಪತ್ರಿಕೆಯಲ್ಲಿ ಓದಿ, ನನ್ನ ಅಟ್ಟದ ಕೋಣೆಯನ್ನು ಒಬ್ಬ ಹುಡುಗಿಗೆ ಕೊಟ್ಟೆ. ಹೆಸರು ಕೆತೋ. ಜಾರ್ಜಿಯಾ ದೇಶದ ಕುತೈಸಿಯವಳು. ಆರು ತಿಂಗಳು ಇಲ್ಲಿ ಓದಿ ವಾಪಸು ಹೋಗಬೇಕು. ಬಂದು ಒಂಬತ್ತು ದಿನ. ಅಷ್ಟರಲ್ಲೇ ನನ್ನ ಮನೆ ನನ್ನದಾಗಿ ಉಳಿದಿಲ್ಲ.

ಮೊದಲ ದಿನ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬ ಮುಂದೆ ಹಿಡಿದೆ. ಒಂದು ತೆಗೆದುಕೊಂಡಳು, ನಮ್ಮ ರೂಢಿಯಂತೆ ನಾನು ಮುಚ್ಚಳ ಹಾಕಿದೆ. ಅವಳು ಒಮ್ಮೆ ಡಬ್ಬ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ನಾಲ್ಕನೇ ದಿನ ಸಂಜೆ ಐದೂವರೆಗೆ ಅಡುಗೆಮನೆಗೆ ಬಂದು ಕೂತಳು. ಅವಳ ಗೋಳೂ ಸುಳ್ಳಲ್ಲ ಬಿಡು. ಸೈಕಲ್ಲು ಕೊಂಡ ಮರುದಿನವೇ ಕಳುವಾಯಿತಂತೆ. ಜೊತೆಗೆ ಓದುವವಳನ್ನು ಸಿನಿಮಾಕ್ಕೆ ಕರೆದರೆ, ಡೈರಿ ತೆಗೆದು "ಅಕ್ಟೋಬರ್ ಮೂರು ಆಗುತ್ತಾ?" ಅಂದಳಂತೆ. ಅಷ್ಟರಲ್ಲಿ ಗಂಟೆ ಆರಾಗುತ್ತಾ ಬಂತು, ನನ್ನ ಊಟದ ಹೊತ್ತು. ಒಲೆಯ ಮೇಲೆ ನನ್ನೊಬ್ಬಳಿಗಾಗುವಷ್ಟು ಆಲೂಗಡ್ಡೆ. ನಾನು ತೊಡೆ ತಟ್ಟಿ, "ಸರಿ ಹಾಗಾದ್ರೆ!" ಅಂದೆ. ನಿನಗೆ ಗೊತ್ತೇ ಇದೆ, ನಮ್ಮಲ್ಲಿ ಇಷ್ಟಕ್ಕೆ ಸಣ್ಣ ಮಗುವೂ ಎದ್ದು ಕೋಟು ಹುಡುಕುತ್ತದೆ. ಇವಳು ತಾನೂ ತೊಡೆ ತಟ್ಟಿ, "ಸರಿ ಅಜ್ಜಿ!" ಅಂತ ನಕ್ಕು ಅಲ್ಲೇ ಕೂತಳು! ಏಳೂವರೆವರೆಗೆ ಇಬ್ಬರೂ ಹಸಿದುಕೊಂಡೇ ಮಾತಾಡಿದೆವು. ಆಲೂಗಡ್ಡೆ ಕರಗಿ ಗಂಜಿಯಾಯಿತು.

ನಿನ್ನೆ ಮಿತಿ ಮೀರಿತು. ಪೇಟೆಯಿಂದ ಬಂದು ನೋಡಿದರೆ ನನ್ನ ಅಡುಗೆಮನೆಯಲ್ಲಿ ಕೆತೋ ಮತ್ತು ಅವಳ ಜೊತೆ ಓದುವ ಹುಡುಗರು, ಆರು ಜನ! ಮೇಜೆಲ್ಲ ಹಿಟ್ಟು, ಒಲೆಯಲ್ಲಿ ಚೀಸ್ ತುಂಬಿದ ರೊಟ್ಟಿ.

"ಯಾರನ್ನ ಕೇಳಿ ಕರೆದೆ? ಮೊದಲೇ ಹೇಳ್ಬೇಕು ಅನ್ನೋ ಬುದ್ಧಿ ಬೇಡ್ವಾ?"

"ಹೇಳೋದೇನು ಅಜ್ಜಿ? ನಮ್ಮೂರಲ್ಲಿ ಬಾಗಿಲು ತಟ್ಟಿದ್ರೆ ಅದೇ ಹೇಳಿದ ಹಾಗೆ. ಕೂತ್ಕೊಳ್ಳಿ, ಬಿಸಿ ಇದೆ."

"ಇದು ನಿಮ್ಮೂರಲ್ಲ!"

ಬಾಯಿಂದ ಬಿದ್ದುಹೋಯಿತು. ಹುಡುಗರು ಒಬ್ಬೊಬ್ಬರೇ ಎದ್ದು ಹೋದರು. ಅವಳು ಮೇಜು ಒರೆಸಿ ಮೇಲೆ ಹೋದಳು. ಇವತ್ತು ಬೆಳಿಗ್ಗೆ ನೋಡಿದರೆ ಮೆಟ್ಟಿಲ ಬಳಿ ಪೆಟ್ಟಿಗೆ. ಊರಿಗೇ ವಾಪಸು ಹೋಗುತ್ತಾಳಂತೆ, ಈ ಓದೂ ಬೇಡವಂತೆ.

ಪಕ್ಕದ ಮನೆಯ ಫೆನ್ನಾ ಹತ್ತಿರ ಹೇಳಿಕೊಂಡರೆ ಅವಳೇನಂದಳು ಗೊತ್ತೆ? "ಅಲ್ವೇ ಗ್ರೀಟ್ಯೆ, ನಿನ್ನೆ ನಿನ್ನ ಮನೇಲಿ ನಗು ಕೇಳಿ ಟೀವಿ ಅಂದ್ಕೊಂಡೆ. ಜನ ಅಂತ ಗೊತ್ತಾಗಿದ್ರೆ ನಾನೂ ಬರ್ತಿದ್ದೆ." ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಅಟ್ಟ ಹತ್ತಿ ಬಾಗಿಲು ತಟ್ಟಿದೆ. "ಹೋಗಬೇಡ" ಅನ್ನಲು ಹೋದವಳು, "ಕೋಣೆ ಬಿಡೋದಾದ್ರೆ ಒಂದು ತಿಂಗಳು ಮೊದಲೇ ಹೇಳ್ಬೇಕು" ಅಂದುಬಿಟ್ಟೆ! ನನ್ನ ನಾಲಿಗೆಗೆ ಏನು ಬಂದಿತ್ತೋ.

"ನೋಡಿ, ಮತ್ತೆ ಅದೇ!" ಅಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಭಾನುವಾರದವರೆಗೆ ನೋಡ್ತೀನಿ ಅಜ್ಜಿ. ಆಮೇಲೆ ಗೊತ್ತಿಲ್ಲ."

ಪೆಟ್ಟಿಗೆ ಇನ್ನೂ ಮೆಟ್ಟಿಲ ಬಳಿಯೇ ಇದೆ.

ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ಯಿಫ್ಕೆಗೆ ಒಂದು ಮುತ್ತು.

ನಿನ್ನ ಅಕ್ಕ,
ಗ್ರೀಟ್ಯೆ

ಇನ್ನೊಂದು ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ನಿನ್ನ ಗಂಡನನ್ನು ಮಣ್ಣು ಮಾಡಿದ ಮರುವಾರ ನೀನು ರೈಲು ಹತ್ತಿ ಹೇಳದೆ ಬಂದಿದ್ದೆ. ನಾನು ಬಾಗಿಲಲ್ಲೇ ನಿಂತು, "ಒಂದು ಫೋನು ಮಾಡಿ ಬರಬಾರದಿತ್ತಾ?" ಅಂದೆ. ಒಳಗೆ ಯಾರೂ ಇರಲಿಲ್ಲ ಹಿಲ್ಯೆ, ಮಾಡುವ ಕೆಲಸವೂ ಇರಲಿಲ್ಲ. "ಈ ಕಡೆ ಬಂದಿದ್ದೆ, ಅಷ್ಟೆ" ಅಂತ ನೀನು ತಿರುಗಿ ನಡೆದೆ. ನಿನ್ನ ಕೈಯಲ್ಲಿ ಉಳಿಯಲೆಂದು ತಂದ ಬಟ್ಟೆಗಳ ಚೀಲ ಇದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ಕರೆಯಲಿಲ್ಲ. ಬೈದಾದರೂ ಸರಿ, ಎರಡು ಸಾಲು ಬೇಗ ಬರೆ.