ಏಳು ಕಡೆ ಬರೆದ ಪಥ್ಯ

ಸೋಮವಾರ, ಜನವರಿ 8. ಬೆಳಿಗ್ಗೆ 9.20

ಹೊರಗೆ ಮೈನಸ್ ಇಪ್ಪತ್ತೆರಡು. ‘ಪಥ್ಯ’ ಎಂದು ಬರೆಯುತ್ತಿದ್ದೇನೆ, ಐದನೆಯ ಸಲ. ಶಾಲೆ ಊಟದ ದಾಖಲೆಗೆ ಒಂದು ವಿವರ ಹೊಸದಾಗಿ ಸೇರಿದರೆ ಅದರ ಹೆಸರನ್ನು ಪೈಥಾನ್ ಭಾಷೆಯ ಕೋಡ್‌ನಲ್ಲಿ ಏಳು ಕಡೆ ಬರೆಯಬೇಕು — ತೆಗೆದುಕೊಳ್ಳುವಲ್ಲಿ, ಇಟ್ಟುಕೊಳ್ಳುವಲ್ಲಿ, ತೋರಿಸುವಲ್ಲಿ, ಕೊನೆಗೆ ಇನ್ನೊಂದರ ಜೊತೆ ಹೋಲಿಸುವ ಸಾಲಿನಲ್ಲಿ ಎರಡು ಸಲ... ಇಂಥ ದಾಖಲೆ ನಲವತ್ಮೂರು ಬಗೆ. ಬಹುಪಾಲು ನಾನೇ ಒಂಬತ್ತು ವರ್ಷ ಕೂತು ಬರೆದದ್ದು. ಹೆಮ್ಮೆ ಇದೆ. ಇರಲಿ.

ಪಕ್ಕದ ಮೇಜಿನ ಇಲ್ಪೊ ಎದ್ದರು. ಕಾಫಿ ಹೊತ್ತು. ಕಾಫಿ ಅಂದರೆ ನಮ್ಮಲ್ಲಿ ಅರ್ಧ ಸಾಲನ್ನೂ ಬಿಟ್ಟು ಏಳುವುದೇ. ನಾನೂ ಹೊರಟೆ.

9.55

ಏಲಕ್ಕಿ ಬನ್, ಎರಡು. ಬಂದು ಕೋಡ್ ಪರೀಕ್ಷೆ ಓಡಿಸಿದೆ, ಎಲ್ಲ ಹಸಿರು, ಅಂದರೆ ಪಾಸು. ಯಾರಿಗೆ ಯಾವ ಊಟ ಎಂಬ ಪಟ್ಟಿ ಶಾಲೆಗಳ ಅಡುಗೆಮನೆಗಳಿಗೆ ಹೋಯಿತು.

ಗುರುವಾರ, ಜನವರಿ 11

ಹನ್ನೊಂದಕ್ಕೆ ಫೋನ್. ಶಾಲೆಯ ಅಡುಗೆಯವಳು ತೆರ್ತು.

“ಹಿಲ್ಕ, ನಿನ್ನ ಪಟ್ಟಿ ಒಂದು ಮಗೂನೇ ನುಂಗಿ ನೀರು ಕುಡಿದಿದೆ ಕಣಮ್ಮ.”

2ಬಿ ತರಗತಿಯ ಅವಳಿಗಳು, ಆವಾ ಮತ್ತು ತೂಲಿ. ಮಕ್ಕಳ ಹೆಸರು ಅಡುಗೆಮನೆಗೆ ಹೋಗಕೂಡದೆಂದು ನಿಯಮ. ತರಗತಿ, ಹುಟ್ಟಿದ ದಿನ, ಪಥ್ಯ, ಅಷ್ಟೇ. ಅವಳಿಗಳಿಗೆ ಮೊದಲೆರಡೂ ಒಂದೇ. ಪಥ್ಯವನ್ನು ಹೋಲಿಸುವ ಸಾಲನ್ನು ನಾನು ಬರೆದೇ ಇಲ್ಲ. ಐದನೆಯದು ಬರೆದು ಕಾಫಿಗೆ ಎದ್ದವಳು, ಬಂದು ಏಳೂ ಮುಗಿದವೆಂದುಕೊಂಡೆ. ಪ್ರೋಗ್ರಾಂ ಇಬ್ಬರನ್ನೂ ಒಬ್ಬಳೇ ಎಂದುಕೊಂಡು ಒಬ್ಬಳನ್ನು ಅಳಿಸಿತು. ಅಳಿಸಿದ್ದು ಆವಾಳನ್ನು. ಹಾಲು ತಾಗಿದರೆ ಉಸಿರು ಕಟ್ಟುವ ಆವಾಳನ್ನು. ಇಲ್ಲಿ ಪ್ರತಿ ಗುರುವಾರ ಬಟಾಣಿ ಸಾರು, ಜೊತೆಗೆ ಹಾಲಿನ ಪ್ಯಾನ್‌ಕೇಕ್...

“ತಿಂದಿಲ್ಲ ಬಿಡು. ಮುಖ ನೋಡಿದ ಕೂಡ್ಲೇ ತಟ್ಟೆ ಕಿತ್ಕೊಂಡೆ. ಇನ್ನೂರ ಹತ್ತು ಮಕ್ಕಳ ಮುಖಾನೂ ನಂಗೊತ್ತು. ಆದ್ರೆ ಫೆಬ್ರವರಿ ಒಂದಕ್ಕೆ ನನ್ನ ಮೊಣಕಾಲು ಆಪರೇಷನ್ನು. ಬರೋನು ಹೊಸಬ. ಅವನಿಗೆ ನಿನ್ನ ಪಟ್ಟೀನೇ ಕಣ್ಣು.”

ಮರೆತವಳು ನಾನೇ ಎಂದು ಹೇಳಿದೆ. ತೆರ್ತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ, ಜನವರಿ 12

ಆ ಸಾಲು ನಿನ್ನೆಯೇ ಸೇರಿಸಿದೆ. ಉಳಿದ ನಲವತ್ತೆರಡರಲ್ಲಿ ಏನೇನು ಬಿಟ್ಟಿದ್ದೇನೋ. ಇಲ್ಪೊ ಕುರ್ಚಿ ಎಳೆದುಕೊಂಡು ಬಂದರು. ತಿಂಗಳ ಕೊನೆಗೆ ನಿವೃತ್ತಿ, ಆರಾಮಾಗಿ ದಿನ ತಳ್ಳಬಹುದಿತ್ತು.

“ಇದನ್ನೆಲ್ಲ ನೀನ್ಯಾಕೆ ಬರೀತೀಯ?”

“ಮತ್ತಿನ್ಯಾರು ಬರೀತಾರೆ?”

“ಭಾಷೆಗೇ ಬರೆಯೋಕೆ ಬರುತ್ತಲ್ಲ.”

ತೋರಿಸಿದರು. ಮೇಲೆ @ ಗುರುತಿನ ಒಂದು ಸಾಲು. ಕೆಳಗೆ ಪ್ರತಿ ವಿವರದ ಹೆಸರು, ಬಗೆ, ಒಂದೊಂದೇ ಸಲ. ಪ್ರೋಗ್ರಾಂ ಶುರುವಾಗುವಾಗ ಪೈಥಾನ್ ಅದನ್ನು ಓದಿಕೊಂಡು ಇಡುವುದು, ತೋರಿಸುವುದು, ಹೋಲಿಸುವುದು ಎಲ್ಲವನ್ನೂ ತಾನೇ ಹೊಲಿದುಕೊಳ್ಳುತ್ತದೆ.

“ಈ ಮಾಯಮಂತ್ರ ನಂಗಾಗಲ್ಲ ಇಲ್ಪೊ. ನಂಗೆ ಎಲ್ಲ ಕಣ್ಣೆದುರಿಗೆ ಇರ್ಬೇಕು.”

“ಇತ್ತಲ್ಲ ಕಣ್ಣೆದುರಿಗೇ, ಏಳು ಕಡೆ. ಕಂಡಿತಾ?”

ಸಿಟ್ಟು ಬಂತು.

ಸೋಮವಾರ, ಜನವರಿ 15

ಊಟದ ದಾಖಲೆ ಒಂದನ್ನೇ ಬದಲಾಯಿಸಿ ನೋಡಿದೆ. ಅರವತ್ನಾಲ್ಕು ಸಾಲು ಇದ್ದದ್ದು ಆರಕ್ಕೆ ಇಳಿಯಿತು. ನಂಬಿಕೆಯಿಲ್ಲದೆ ದಿನವಿಡೀ ಕಾಡಿದೆ. ಅವಳಿ ಕೊಟ್ಟೆ, ತ್ರಿವಳಿ ಕೊಟ್ಟೆ. ಒಂದು ಸಲವೂ ಎಡವಲಿಲ್ಲ.

ಆರು ಸಾಲನ್ನು ಸುಮ್ಮನೆ ಓದುತ್ತಾ ಕೂತೆ. ಎಷ್ಟು ಚೆಂದ! ನನ್ನ ಹಳೆಯ ಕೋಡ್‌ನಲ್ಲಿ ಮಗುವಿನ ಊಟ ಎಲ್ಲೋ ಹುದುಗಿಹೋಗಿತ್ತು. ಈಗ ತೆರೆದ ಕೂಡಲೇ ಅದೇ ಕಾಣುತ್ತದೆ. ಇದನ್ನು ಯೋಚಿಸಿದವರ ಕೈಗೆ ಚಿನ್ನದ ಕಡಗ ತೊಡಿಸಬೇಕು.

“ಸರಿಯಾಗಿದೆಯಾ ನೋಡಿ” ಅಂದೆ.

“ಇರಲೂಬಹುದು” ಅಂದರು ಇಲ್ಪೊ. ಸಾವೊ ಸೀಮೆಯವರು, ಅಲ್ಲಿ ಯಾರೂ ನೇರ ಉತ್ತರ ಕೊಡುವುದಿಲ್ಲ. ಅವರ ಬಾಯಿಂದ ‘ಹೌದು’ ಹೊರಡಿಸಲು ಇಕ್ಕಳವೇ ಬೇಕು.

ಬುಧವಾರ, ಜನವರಿ 24

ನಲವತ್ಮೂರೂ ಮುಗಿದವು. ದಾರಿಯಲ್ಲಿ ಮರೆತ ಸಾಲು ಇನ್ನೂ ಎರಡು ಸಿಕ್ಕವು, ಎರಡೂ ನನ್ನವೇ. ಮೂರನೆಯ ಒಂದು ತಪ್ಪನ್ನು ಪೈಥಾನ್ ತಾನೇ ಹಿಡಿಯಿತು. ಹೊಸ ರೂಪಕ್ಕೆ ತರಲು ಹೋದರೆ ಬಿಲ್‌ಕುಲ್ ಒಪ್ಪಲಿಲ್ಲ. ಯಾರೋ ಎಲ್ಲ ಮಕ್ಕಳಿಗೂ ಸೇರಿಸಿ ಒಂದೇ ಖಾಲಿ ಪಟ್ಟಿ ಇಟ್ಟಿದ್ದರು. ಒಬ್ಬರದರಲ್ಲಿ ಬರೆದರೆ ಎಲ್ಲರದರಲ್ಲೂ ಕಾಣುವ ಹಾಗೆ.

“ಯಾವ ಕತ್ತೆ ಬರೆದದ್ದಪ್ಪ ಇದು?” ಅಂದೆ.

ಇಲ್ಪೊ ಕನ್ನಡಕ ತೆಗೆದು ನಿಧಾನಕ್ಕೆ ಒರೆಸಿದರು. “ಹನ್ನೆರಡು ವರ್ಷದ ಹಿಂದಿನ ಕತ್ತೆ. ಆಗ ಕೂದಲಿತ್ತು.”

ನಕ್ಕು ಕಣ್ಣಲ್ಲಿ ನೀರು. ತಪ್ಪನ್ನು ಇಷ್ಟು ಹಗುರವಾಗಿ ಒಪ್ಪಿಕೊಳ್ಳುವ ಮನುಷ್ಯನ ಪಕ್ಕ ಇಷ್ಟು ವರ್ಷ ಕೂತಿದ್ದೆ, ಗೊತ್ತೇ ಇರಲಿಲ್ಲ. ಎರಡು ಸಾವಿರದ ನೂರು ಸಾಲು ಅಳಿಸಿದೆ. ನೋಯುತ್ತದೆ ಅಂದುಕೊಂಡಿದ್ದೆ, ನೋಯಲಿಲ್ಲ.

ಗುರುವಾರ, ಫೆಬ್ರವರಿ 1. 11.40

ಶಾಲೆಯ ಊಟದ ಕೋಣೆ. ನಿನ್ನೆ ಕೆಲಸದಲ್ಲಿ ಇಲ್ಪೊ ಅವರ ಕೊನೆಯ ದಿನ. ಕೇಕ್ ಬೇಡ ಅಂದರು, ಶಾಲೆಯ ಬಟಾಣಿ ಸಾರು ಸಾಕಂತೆ. ಮಕ್ಕಳ ಕುರ್ಚಿಯಲ್ಲಿ ಕೂತಿದ್ದೇವೆ, ಮೊಣಕಾಲು ಗದ್ದಕ್ಕೆ ತಾಗುತ್ತಿದೆ. ನಾನು ಬಾಗಿಲನ್ನೇ ನೋಡುತ್ತಿದ್ದೆ.

ಹೊಸ ಅಡುಗೆಯವನ ಹೆಸರು ವೆಲಿ. ಮೊದಲು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು. ಇಲ್ಲಿನ ಒಂದು ಮಗುವಿನ ಮುಖವೂ ಗೊತ್ತಿಲ್ಲ. ಹುಡುಗಿಯರು ಬಂದರು, ಇಬ್ಬರಿಗೂ ಒಂದೇ ಹಳದಿ ಟೋಪಿ. ವೆಲಿ ಪಟ್ಟಿ ನೋಡಿದ.

“2ಬಿ, ಮೇ ಹದಿನಾಲ್ಕು. ಎರಡು ತಟ್ಟೆ. ಒಂದರಲ್ಲಿ ಹಾಲು ಇರಬಾರ್ದು. ಅದು ಯಾರಿಗಮ್ಮ?”

“ನಂಗೆ” ಅಂದಳು ಆವಾ.

ಓಟ್ಸ್‌ನ ಪ್ಯಾನ್‌ಕೇಕ್. ಪೂರ್ತಿ ತಿಂದಳು. ಈಗ ಎದುರು ಮೇಜಿನಲ್ಲಿ ಮೂಗಿಗೆ ಜಾಮ್ ಮೆತ್ತಿಕೊಂಡು ತಂಗಿಯ ಜೊತೆ ಜಗಳವಾಡುತ್ತಿದ್ದಾಳೆ. ಆ ಜಗಳ ಕೇಳುವುದೇ ಒಂದು ಸುಖ.

“ಸರಿ ಇದೆ ಹಿಲ್ಕ” ಅಂದರು ಇಲ್ಪೊ. ಇರಲೂಬಹುದು ಅನ್ನಲಿಲ್ಲ.

ಫೋನ್ ಹೊಡೆದುಕೊಳ್ಳುತ್ತಿದೆ. ತೆರ್ತು, ಆಸ್ಪತ್ರೆಯಿಂದ, ಆಪರೇಷನ್ನಿಗೆ ಮುಂಚೆ. ಮೊಣಕಾಲಿನ ಸುದ್ದಿ ಹೇಳಲು ಅಲ್ಲ, ಗೊತ್ತು. ಎತ್ತಿ ಹೇಳಬೇಕು — ಎರಡು ತಟ್ಟೆ ತೆರ್ತು, ಎರಡೂ ಸರಿಯಾದ ಕೈಗೇ ಸೇರಿದವು.